ಮೊದಲು ಕೈ ಪಳಗಲಿ, ಯಂತ್ರ ಆಮೇಲೆ ಬರಲಿ

ಮನೆಯಲ್ಲೇ ಚರ್ಮದ ಕೆಲಸ ಕಲಿಯುವವರಿಗೆ ಒಂದು ಪಾಠ



ಕೆಲವು ತಿಂಗಳಿಂದ ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. "ಮನೇಲೇ ಕೂತು ಚರ್ಮದ ಪರ್ಸು, ಬೆಲ್ಟು ಮಾಡಬಹುದಂತಲ್ಲ? ಅದಕ್ಕೆ ಯಾವ ಮಷೀನು ತಗೋಬೇಕು? ಸಂಘದಿಂದ ಸಾಲ ಸಿಗುತ್ತಾ?" ಮೊಬೈಲಿನಲ್ಲಿ ವಿಡಿಯೋ ನೋಡಿ ಆಸೆಪಟ್ಟ ಯುವಕರು ಕೇಳುತ್ತಾರೆ, ಮಕ್ಕಳು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆ ಬಿಡುವು ಸಿಗುವ ತಾಯಂದಿರೂ ಕೇಳುತ್ತಾರೆ. ಆಸೆ ಒಳ್ಳೆಯದೇ. ಆದರೆ ಪ್ರಶ್ನೆ ಹಿಂದುಮುಂದಾಗಿದೆ ಅಂತ ನಮ್ಮ ಅನಿಸಿಕೆ. ಯಾಕೆ ಅಂತ ಹೇಳಲು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಮಹಿಳಾ ಸಂಘಕ್ಕೆ ನಾವೇ ಸಲಹೆ ಕೊಟ್ಟು, ಸಾಲ ಮಾಡಿಸಿ, ದಪ್ಪ ಹೊಲಿಗೆಯ ಯಂತ್ರ ಮತ್ತು ಒಂದು ಗ್ರೈಂಡರ್ ಕೊಡಿಸಿದೆವು. ಉದ್ಘಾಟನೆಯೂ ಆಯಿತು, ಫೋಟೋ ತೆಗೆದದ್ದೂ ಆಯಿತು. ಆದರೆ ಆ ಸಂಘದಲ್ಲಿ ಒಬ್ಬರಿಗೂ ಚರ್ಮ ಕತ್ತರಿಸಲು ಬರುತ್ತಿರಲಿಲ್ಲ. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಚರ್ಮದಲ್ಲಿ ಸೂಜಿ ಹೊಕ್ಕ ತೂತು ಮುಚ್ಚುವುದಿಲ್ಲ. ಸೂಜಿ ಮುರಿಯಿತು, ಸಾಮಾನು ಹಾಳಾಯಿತು, ಮೂರೇ ತಿಂಗಳಲ್ಲಿ ಯಂತ್ರದ ಮೇಲೆ ಹಳೇ ಸೀರೆ ಹೊದಿಸಿಬಿಟ್ಟರು. ಕಂತು ಮಾತ್ರ ನಿಲ್ಲಲಿಲ್ಲ. ಆ ತಾಯಂದಿರು ಕೂಲಿ ದುಡ್ಡಿನಲ್ಲಿ ಅದನ್ನು ಕಟ್ಟಿ ತೀರಿಸಿದರು. ತಪ್ಪು ಅವರದ್ದಲ್ಲ, ನಮ್ಮದು. ಕೈಗೆ ವಿದ್ಯೆ ಬರುವ ಮೊದಲೇ ನಾವು ಯಂತ್ರ ತಂದೆವು. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಅಂತ ಈ ಪಾಠ.

ಈ ಕೆಲಸ ಯಾರದ್ದು?

ಚರ್ಮದ ಮಾತು ಬಂದಾಗ ಸಭೆಯಲ್ಲಿ ಕೆಲವರು ಸುಮ್ಮನಾಗುತ್ತಾರೆ. ಆ ಮೌನದ ಅರ್ಥ ನಮಗೆ ಗೊತ್ತಿದೆ. ನೂರಾರು ವರ್ಷ ಈ ಕೆಲಸವನ್ನು ದಲಿತ ಸಮುದಾಯಗಳ ತಲೆಗೆ ಕಟ್ಟಿ, ಅವರು ಮಾಡಿದ ಚಪ್ಪಲಿ ಮೆಟ್ಟಿಕೊಂಡು, ಅವರನ್ನೇ ಊರ ಹೊರಗೆ ಇಟ್ಟ ನಾಡು ನಮ್ಮದು. ಒಬ್ಬ ಸದಸ್ಯೆ ನಮಗೆ ನೇರವಾಗಿ ಹೇಳಿದರು: "ನಮ್ಮಪ್ಪ ಈ ಕೆಲಸ ಬಿಡಿಸಬೇಕು ಅಂತಲೇ ನನ್ನ ಓದಿಸಿದ್ದು. ನೀವು ಮತ್ತೆ ಅದನ್ನೇ ಹಿಡಿ ಅಂತೀರಲ್ಲ?" ಅವರ ಮಾತಿನಲ್ಲಿ ನ್ಯಾಯವಿದೆ. ಯಾರನ್ನೂ ಹುಟ್ಟಿದ ಮನೆಯ ಕೆಲಸಕ್ಕೆ ವಾಪಸ್ ಕಳಿಸುವುದು ನಮ್ಮ ಉದ್ದೇಶವಲ್ಲ. ಬೇಡ ಅನ್ನುವ ಹಕ್ಕು ಅವರಿಗೆ ಪೂರ್ತಿ ಇದೆ. ನಾವು ಹೇಳುವುದು ಇಷ್ಟೇ: ಈ ಕೆಲಸ ಮಾಡಿದವರು ಕೀಳಾಗಿರಲಿಲ್ಲ, ಕೀಳು ಅಂದ ಮನಸ್ಸೇ ಕೀಳಾಗಿತ್ತು.

ಸಂತ ಪೇತ್ರರು ಜೊಪ್ಪ ಊರಿನಲ್ಲಿ ಬಹಳ ದಿನ ಉಳಿದುಕೊಂಡದ್ದು ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ ಅಂತ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲ್ಲರ ಜೊತೆ ಗುಡಾರ ಮಾಡುವ ಕೈಕೆಲಸ ಮಾಡಿ ಹೊಟ್ಟೆ ಹೊರೆದರು. ಅಕ್ಟೋಬರ್ 25ರಂದು ಸ್ಮರಿಸುವ ಸಂತ ಕ್ರಿಸ್ಪಿನ್ ಮತ್ತು ಕ್ರಿಸ್ಪಿನಿಯನ್ ಚಮ್ಮಾರರ ಪಾಲಕ ಸಂತರು. ನಮ್ಮದೇ ನೆಲದಲ್ಲಿ ಶರಣ ಹರಳಯ್ಯ, ಮಾದಾರ ಚೆನ್ನಯ್ಯರ ಹೆಸರನ್ನು ಇವತ್ತಿಗೂ ಕೈಮುಗಿದು ನೆನೆಯುತ್ತೇವೆ.

ಕೈಕೆಲಸಕ್ಕೆ ಲೋಕದಲ್ಲಿ ಬೆಲೆಯೂ ಇದೆ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಕೈಯಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ರಾಜ್ಯದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೂ ಆ ಗುರುತಿನ ಒಳಗೆ ಬರುತ್ತವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಥರದ ಚಪ್ಪಲಿ ತೋರಿಸಿ, ಟೀಕೆ ಎದ್ದ ಮೇಲೆ, ಇದಕ್ಕೆ ಭಾರತದ ಕುಶಲಕರ್ಮಿಗಳ ಚಪ್ಪಲಿಯೇ ಸ್ಫೂರ್ತಿ ಅಂತ ಒಪ್ಪಿಕೊಂಡಿತು. (ಒಂದು ಎಚ್ಚರಿಕೆ: ಆ ಎಂಟು ಜಿಲ್ಲೆಗಳ ಹೊರಗೆ ಮಾಡಿದ ಚಪ್ಪಲಿಗೆ ನಾವು ಆ ಹೆಸರು ಹಾಕಿ ಮಾರುವಂತಿಲ್ಲ.)

ಚರ್ಮವನ್ನು ತಿಳಿಯೋಣ

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಚರ್ಮ ಸಿಗುತ್ತದೆ.

ಮೊದಲನೆಯದು ತೊಗಟೆ, ಕಾಯಿಗಳಿಂದ ಹದಮಾಡಿದ ಚರ್ಮ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಇದಕ್ಕೆ ಬಳಸುತ್ತಾರೆ. ಇದು ಸ್ವಲ್ಪ ಗಟ್ಟಿ. ನೀರು ಹೀರುತ್ತದೆ, ಒದ್ದೆ ಮಾಡಿ ಬಗ್ಗಿಸಿದರೆ ಹಾಗೇ ನಿಲ್ಲುತ್ತದೆ, ಅಂಚನ್ನು ಉಜ್ಜಿದರೆ ಹೊಳಪು ಬರುತ್ತದೆ. ಬೆಲ್ಟು, ಚಪ್ಪಲಿ, ಚಾಕುವಿನ ಒರೆಗೆ ಇದೇ ಸರಿ.

ಎರಡನೆಯದು ಕ್ರೋಮ್ ಉಪ್ಪಿನಿಂದ ಹದಮಾಡಿದ ಚರ್ಮ. ಮೃದು, ಬಗ್ಗುತ್ತದೆ, ನೀರಿಗೆ ಬೇಗ ಹೆದರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಸಾಮಾನ್ಯವಾಗಿ ಬೂದು-ನೀಲಿ ಛಾಯೆ ಕಾಣುತ್ತದೆ. ಚೀಲ, ಪರ್ಸಿಗೆ ಒಳ್ಳೆಯದು. ಆದರೆ ಇದರ ಅಂಚು ಉಜ್ಜಿದರೆ ಹೊಳೆಯುವುದಿಲ್ಲ, ಮಡಿಚಿಯೋ ಬಣ್ಣ ಹಚ್ಚಿಯೋ ಮುಗಿಸಬೇಕು.

ಕಲಿಯುವವರು ತೊಗಟೆ ಹದದ ಚರ್ಮದಿಂದಲೇ ಶುರು ಮಾಡಿ. ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ: ಪರ್ಸಿಗೆ 1ರಿಂದ 1.2 ಮಿ.ಮೀ., ಬೆಲ್ಟಿಗೆ 3ರಿಂದ 4 ಮಿ.ಮೀ. ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ, ಅದರಲ್ಲಿ ಬೆಲ್ಟು ಕತ್ತರಿಸಬಾರದು. ಎಲ್ಲಿ ಕೊಂಡರೂ ಬಿಲ್ ಕೇಳಿ ಪಡೆದು ಜೋಪಾನವಾಗಿ ಇಡಿ. ಮೊದಲ ತಿಂಗಳಿಗೆ ಇಡೀ ಚರ್ಮ ಬೇಡ. ಬ್ಯಾಗ್ ತಯಾರಿಸುವವರ ಬಳಿ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಮೊದಲ ಸಾಮಾನು: ಕರೆಂಟು ಬೇಡದ್ದು

1. ಹರಿತವಾದ ಚಾಕು ಅಥವಾ ಚಮ್ಮಾರರ ರಾಂಪಿ
2. ಕಬ್ಬಿಣದ ಅಡಿಪಟ್ಟಿ (ಪ್ಲಾಸ್ಟಿಕ್ ಬೇಡ, ಚಾಕು ಅದನ್ನೇ ಕತ್ತರಿಸುತ್ತದೆ)
3. ತೂತು ಚುಚ್ಚುವ ಆರಿ, ದುಂಡು ತೂತಿಗೆ ಪಂಚು
4. ಮೊಂಡು ಮೂತಿಯ ಎರಡು ಸೂಜಿ, ದಪ್ಪ ದಾರ, ಜೇನುಮೇಣ
5. ಮರದ ಕೊಡತಿ, ಮರದ ಹಲಗೆ, ಮರಳು ಕಾಗದ

ಹಲಗೆಯ ಮೇಲೆ ಒಂದು ಚರ್ಮದ ತುಂಡು ಅಂಟಿಸಿ, ಸಾಣೆಯ ಮುಲಾಮು ಸವರಿದರೆ ಚಾಕು ಮಸೆಯುವ ಪಟ್ಟಿ ತಯಾರು. ದಿನವೂ ಕೆಲಸಕ್ಕೆ ಮೊದಲು ಹತ್ತು ಸಲ ಅದರ ಮೇಲೆ ಚಾಕುವನ್ನು ಹಿಮ್ಮುಖವಾಗಿ ಎಳೆಯಿರಿ. ಮೊಂಡು ಚಾಕುವೇ ಕೈ ಕೊಯ್ಯುವುದು, ಯಾಕಂದ್ರೆ ಅದಕ್ಕೆ ಬಲ ಹಾಕಬೇಕಾಗುತ್ತೆ, ಬಲ ಹಾಕಿದಾಗ ಜಾರುತ್ತೆ.

ಮೊದಲ ಪಾಠ: ಒಂದು ಬೆಲ್ಟು

ಅಳತೆ: ಹಳೇ ಬೆಲ್ಟು ಇದ್ದರೆ ಬಕಲಿನ ಕಂಬಿಯಿಂದ ದಿನವೂ ಹಾಕುವ ತೂತಿನವರೆಗೆ ಅಳೆಯಿರಿ. ಅದಕ್ಕೆ ಬಕಲಿನ ಕಡೆ ಮಡಿಚಲು 3 ಇಂಚು, ತುದಿಗೆ 6ರಿಂದ 8 ಇಂಚು ಸೇರಿಸಿ. ಅಗಲ ಒಂದೂವರೆ ಇಂಚು ಸಾಕು.

ಕತ್ತರಿಸುವುದು: ಒಂದೇ ಸಲಕ್ಕೆ ಆಳಕ್ಕೆ ಒತ್ತಬೇಡಿ. ಅಡಿಪಟ್ಟಿ ಹಿಡಿದು, ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಅಡಿಪಟ್ಟಿ ಹಿಡಿದ ಕೈ ಚಾಕುವಿನ ದಾರಿಗೆ ಎಂದೂ ಬರಬಾರದು.

ಮಡಿಕೆ: ಬಕಲ್ ಬರುವ ಕಡೆಯ 3 ಇಂಚನ್ನು ಒಳಗಿನಿಂದ ಹೆರೆದು ಅರ್ಧ ದಪ್ಪಕ್ಕೆ ಇಳಿಸಿ. ಬಕಲಿನ ಮುಳ್ಳಿಗೆ ಸುಮಾರು ಒಂದು ಇಂಚಿನ ಸೀಳು ಬಿಡಿ. ಸ್ವಲ್ಪ ಒದ್ದೆ ಮಾಡಿ ಮಡಿಚಿದರೆ ಬಿರಿಯುವುದಿಲ್ಲ.

ಹೊಲಿಗೆ: ಇದೇ ಈ ವಿದ್ಯೆಯ ಜೀವ. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ. ದಾರ ಹೊಲಿಯುವ ಉದ್ದದ ನಾಲ್ಕು ಪಟ್ಟು ಇರಲಿ, ಮೇಣ ಹಚ್ಚಿರಲಿ. 4 ಮಿ.ಮೀ.ಗೆ ಒಂದರಂತೆ ಗುರುತು ಮಾಡಿ, ಆರಿಯಿಂದ ಚುಚ್ಚಿ. ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರು ದಾಟಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ ಅಷ್ಟೆ. ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳಬಹುದು. ಕೈಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತೆ. ಕೈಯಿಂದ ಹೊಲಿದ ಬೆಲ್ಟಿಗೆ ಹೆಚ್ಚು ಬೆಲೆ ಕೇಳಲು ನಿಮಗಿರುವ ಕಾರಣ ಇದೇ. ಗಿರಾಕಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಅಂಚು: ಮರಳು ಕಾಗದದಿಂದ ಸಮ ಮಾಡಿ, ನೀರು ಸವರಿ, ದಪ್ಪ ಬಟ್ಟೆ ಅಥವಾ ನುಣುಪಾದ ಮರದ ತುಂಡಿನಿಂದ ಬಿಸಿಯಾಗುವವರೆಗೆ ಉಜ್ಜಿ. ಕೊನೆಗೆ ಒಂದೊಂದು ಇಂಚಿಗೆ ಐದು ತೂತು ಹೊಡೆಯಿರಿ. ಮೊದಲು ಅಳೆದ ಅಳತೆ ನಡುವಿನ ತೂತಿಗೆ ಬರಬೇಕು.

ಮೊದಲ ಬೆಲ್ಟು ವಕ್ರವಾಗಿಯೇ ಬರುತ್ತದೆ. ಅದನ್ನು ಮಾರಬೇಡಿ, ನೀವೇ ಕಟ್ಟಿಕೊಳ್ಳಿ. ಎಲ್ಲಿ ಸವೆಯುತ್ತೆ, ಎಲ್ಲಿ ಹಿಗ್ಗುತ್ತೆ ಅಂತ ಆರು ತಿಂಗಳಲ್ಲಿ ಅದೇ ನಿಮಗೆ ಕಲಿಸುತ್ತದೆ.

ಯಾವ ಯಂತ್ರ, ಯಾವಾಗ?

ಯಂತ್ರ ಬೇಡ ಅಂತ ನಾವು ಹೇಳುತ್ತಿಲ್ಲ. ಯಂತ್ರ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಆ ಕೆಲಸವನ್ನು ಕೈಯಿಂದ ಕಡೇಪಕ್ಷ 20 ಸಲ ಮಾಡಿದ್ದೇನೆಯೇ? ಎರಡು, ಯಾವ ಹಂತಕ್ಕೆ ಹೆಚ್ಚು ಹೊತ್ತು ಹಿಡಿಯುತ್ತೆ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆಯೇ, ಈ ಯಂತ್ರ ಅದೇ ಹಂತವನ್ನು ಹಗುರ ಮಾಡುತ್ತದೆಯೇ? ಮೂರು, ಕೈಯಲ್ಲಿ ಆರ್ಡರ್ ಇದೆಯೇ? ಮೂರಕ್ಕೂ ಹೌದು ಅಂದರೆ ಮಾತ್ರ ಅಂಗಡಿಗೆ ಹೋಗಿ.

ಡ್ರಿಲ್: ಹಲವರ ಮನೆಯಲ್ಲಿ ಆಗಲೇ ಇರುತ್ತದೆ. ಮೃದು ಚರ್ಮವನ್ನು ಡ್ರಿಲ್ಲಿನ ಮೊನೆ ಸುತ್ತಿಕೊಂಡು ಎಳೆದುಬಿಡುತ್ತದೆ, ತೂತಿನ ಅಂಚು ನಾರುನಾರಾಗುತ್ತದೆ. ದಪ್ಪ ಚರ್ಮಕ್ಕೆ ಮಾತ್ರ, ಸ್ಟ್ಯಾಂಡಿಗೆ ಹಾಕಿ, ಎರಡು ಮರದ ಪಟ್ಟಿಗಳ ನಡುವೆ ಬಿಗಿದು ಕೊರೆಯಿರಿ. ಬೆಲ್ಟಿನ ತೂತಿಗೆ ಪಂಚೇ ಚೆನ್ನ.

ಸಣ್ಣ ರೋಟರಿ ಉಪಕರಣ: ಅಂಚು ಉಜ್ಜಲು ಇದಕ್ಕೆ ಮರದ ತುದಿ ಹಾಕುತ್ತಾರೆ. ನಿಮಿಷಕ್ಕೆ 30,000 ಸುತ್ತಿನವರೆಗೂ ಹೋಗುವ ಸಾಧನ ಇದು. ಆ ವೇಗದಲ್ಲಿ ಅಂಚು ಹೊಳೆಯುವುದಿಲ್ಲ, ಸುಟ್ಟು ಕಪ್ಪಾಗುತ್ತದೆ. ಅತಿ ಕಡಿಮೆ ವೇಗದಲ್ಲಿ, ಹಗುರ ಕೈಯಲ್ಲಿ ಬಳಸಬೇಕು. ತಿಂಗಳಿಗೆ ಹತ್ತಾರು ಬೆಲ್ಟು ಮಾಡುವವರಿಗೆ ಇದು ನಿಜಕ್ಕೂ ಹೊತ್ತು ಉಳಿಸುತ್ತದೆ.

ಬೆಂಚ್ ಗ್ರೈಂಡರ್: ಚಾಕುವಿನ ಬಾಯಿ ಮುರಿದಾಗ ಸರಿಮಾಡಲು ಮಾತ್ರ. ಬಿಸಿಯೇರಿ ಉಕ್ಕು ನೀಲಿಯಾದರೆ ಅದರ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ. ಪಕ್ಕದಲ್ಲಿ ನೀರಿಟ್ಟು ಆಗಾಗ ಅದ್ದಿ. ದಿನದ ಮಸೆತಕ್ಕೆ ಮೇಲೆ ಹೇಳಿದ ಚರ್ಮದ ಪಟ್ಟಿ ಸಾಕು.

ಹೊಲಿಗೆ ಯಂತ್ರ: ಮನೆಯ ಬಟ್ಟೆ ಹೊಲಿಯುವ ಯಂತ್ರದಲ್ಲಿ ಚರ್ಮಕ್ಕೆಂದೇ ಬರುವ 16 ಅಥವಾ 18ನೇ ನಂಬರ್ ಸೂಜಿ ಹಾಕಿ, ತೆಳು ಆಡಿನ ಚರ್ಮ ಎರಡು ಪದರ ಹೊಲಿಯಬಹುದು. ಬೆಲ್ಟು ಹೊಲಿಯಲು ಹೋದರೆ ಯಂತ್ರವೇ ಕೆಡುತ್ತದೆ. ದಪ್ಪಕ್ಕೆ ಬೇಕಾದದ್ದು ಸೂಜಿ, ಪಾದ, ಹಲ್ಲು ಮೂರೂ ಒಟ್ಟಿಗೆ ಮುಂದೆ ಸಾಗುವ ಯಂತ್ರ. ಅದು ದುಬಾರಿ, ಇದನ್ನು ಒಬ್ಬರೇ ಕೊಳ್ಳುವ ಬದಲು ಸಂಘವಾಗಿ ಕೊಳ್ಳುವುದು ಮೇಲು. ಕೊಳ್ಳುವಾಗ ಸರ್ವೋ ಮೋಟಾರ್ ಕೇಳಿ. ನಿಧಾನವಾಗಿ ಓಡಿಸಬಹುದು, ಕರೆಂಟೂ ಕಡಿಮೆ.

ಮನೆಯವರ ಜೀವ ಮೊದಲು

ಕಾರ್ಖಾನೆಯ ಅಪಾಯವನ್ನು ಮನೆಯೊಳಗೆ ತಂದರೆ ಅದು ತೊಟ್ಟಿಲಿನವರೆಗೂ ಬರುತ್ತದೆ. ಆದ್ದರಿಂದ ಈ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ.

ಅಂಟು: 1960ರ ದಶಕದಲ್ಲಿ ಜಪಾನಿನಲ್ಲಿ ಮನೆಗಳಲ್ಲೇ ಚಪ್ಪಲಿ ಅಂಟಿಸುತ್ತಿದ್ದವರಿಗೆ ಕೈಕಾಲು ಜೋಮು ಹಿಡಿದು ಬಲ ಕಡಿಮೆಯಾಯಿತು. ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಣದ ಆವಿ ನರಗಳನ್ನು ಕೆಡಿಸಿತ್ತು. ಬೆಂಜೀನ್ ಇರುವ ಅಂಟಿನಿಂದ ರಕ್ತದ ಕ್ಯಾನ್ಸರ್ ಬರುತ್ತದೆ ಅನ್ನುವುದೂ ಚಪ್ಪಲಿ ಕೆಲಸಗಾರರಲ್ಲೇ ಕಂಡ ಸತ್ಯ. ಸಾಧ್ಯವಿದ್ದಲ್ಲಿ ನೀರಿನಲ್ಲಿ ಬೆರೆಯುವ ಅಂಟು ಬಳಸಿ. ಇಲ್ಲದಿದ್ದರೆ ಜಗುಲಿಯಲ್ಲಿ, ಗಾಳಿಯಲ್ಲಿ ಕೂತು ಹಚ್ಚಿ. ಒಲೆ, ದೀಪ, ಬೀಡಿ ಹತ್ತಿರ ಬೇಡ. ಬಸುರಿಯರು, ಮಕ್ಕಳು ಅಲ್ಲಿ ಇರಬಾರದು. ಧೂಳಿನ ಮಾಸ್ಕು ಅಂಟಿನ ಆವಿಯನ್ನು ತಡೆಯುವುದಿಲ್ಲ.

ಧೂಳು: ಚರ್ಮದ ಧೂಳಿನಿಂದ ಮೂಗಿನೊಳಗೆ ಕ್ಯಾನ್ಸರ್ ಬರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದೆ. ಯಂತ್ರದಿಂದ ಉಜ್ಜಿದಷ್ಟೂ ಧೂಳು ಹೆಚ್ಚು. ಹೊರಗೆ ಕೂತು, ಎನ್-95 ಮಾಸ್ಕು ಹಾಕಿ ಉಜ್ಜಿ. ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕ್ರೋಮ್ ಚರ್ಮದ ಚೂರುಗಳನ್ನು ಒಲೆಗೆ ಹಾಕಲೇಬೇಡಿ, ಸುಟ್ಟರೆ ವಿಷಕಾರಿ ಕ್ರೋಮಿಯಂ ಉಂಟಾಗಬಹುದು.

ತಿರುಗುವ ಯಂತ್ರ: ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಬಳೆ, ಸರ, ಕತ್ತಿನ ಜಪಸರ ತೆಗೆದಿಟ್ಟು ಕೂರಿ. ಡ್ರಿಲ್, ಗ್ರೈಂಡರ್ ಮುಂದೆ ಕೈಗವಸು ಹಾಕಬೇಡಿ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಕರೆಂಟು: ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, ಶಾಕ್ ಹೊಡೆದರೆ ತಕ್ಷಣ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ರಕ್ಷಣಾ ಸ್ವಿಚ್, ಈ ಮೂರೂ ಇಲ್ಲದ ಮನೆಯಲ್ಲಿ ಯಂತ್ರ ಬೇಡ. ಮೊದಲ ಖರ್ಚು ಇದಕ್ಕೇ ಆಗಲಿ.

ಲೆಕ್ಕ ಬರೆಯಿರಿ

ಉದಾಹರಣೆಗೆ, ಒಂದು ಬೆಲ್ಟಿನ ಚರ್ಮ, ಬಕಲಿಗೆ 300 ರೂ. ದಾರ, ಮೇಣ, ಸಾಮಾನಿನ ಸವೆತಕ್ಕೆ 40 ರೂ. ಮೂರು ಗಂಟೆ ದುಡಿಮೆಗೆ ಗಂಟೆಗೆ 60ರಂತೆ 180 ರೂ. ಒಟ್ಟು 520. "ಅಂಗಡೀಲಿ ಕಡಿಮೆಗೆ ಸಿಗುತ್ತೆ" ಅಂತ ಹೆದರಿ 400ಕ್ಕೆ ಕೊಟ್ಟರೆ ನಿಮ್ಮ ಮೂರು ಗಂಟೆಗೆ ಸಿಕ್ಕಿದ್ದು 60 ರೂ. ಮಾತ್ರ. ನಮ್ಮ ಹೆಣ್ಣುಮಕ್ಕಳು ತಮ್ಮ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ಎಲ್ಲಕ್ಕಿಂತ ದೊಡ್ಡ ನಷ್ಟ.

ಈಗ ಯಂತ್ರದ ಸಾಲ ನೋಡಿ. 24,000 ರೂ. ಸಾಲವನ್ನು 24 ತಿಂಗಳಲ್ಲಿ ತೀರಿಸಲು ಅಸಲೇ ತಿಂಗಳಿಗೆ 1,000 ರೂ. ಬಡ್ಡಿ ಬೇರೆ. ಸರಿಯಾದ ಬೆಲೆಗೇ ಮಾರಿದರೂ ತಿಂಗಳಿಗೆ ಆರು ಬೆಲ್ಟಿನ ಕೂಲಿ ಅಸಲಿಗೇ ಹೋಯಿತು. ಅಷ್ಟು ಬೆಲ್ಟು ಈಗ ಮಾರುತ್ತಿದ್ದೀರಾ? ಇಲ್ಲದಿದ್ದರೆ ಸ್ವಲ್ಪ ತಾಳಿ.

ಸಹಾಯವೂ ಇದೆ. ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್, 1976ರಿಂದ ರಾಜ್ಯದ ಚರ್ಮ ಕುಶಲಕರ್ಮಿಗಳಿಗಾಗಿ ಕೆಲಸ ಮಾಡುತ್ತಿದೆ. ತರಬೇತಿಯ ಬಗ್ಗೆ ಅಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರು ಮಾಡಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಪ್ಪಲಿ, ಪಾದರಕ್ಷೆ ಮಾಡುವವರ ಕಸುಬೂ ಸೇರಿದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂ. ಭತ್ಯೆ, ಉಪಕರಣಕ್ಕೆ 15,000 ರೂ. ವರೆಗೆ ವೋಚರ್, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ, ಅದೂ ಆಗಲೇ ಆ ಕಸುಬು ಮಾಡುತ್ತಿರುವವರಿಗೆ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ನಿಮ್ಮ ಊರಿನ ಚಮ್ಮಾರರಿಗೆ ಈ ವಿಷಯ ತಿಳಿದಿದೆಯೇ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಜೊತೆಯಲ್ಲಿ ಹೋಗಿ ಬರೆಸಿಕೊಡಿ.

ಕೊನೆಯ ಮಾತು

ಮೊದಲು ಹೇಳಿದ ಸಂಘದ ಕತೆ ಅಲ್ಲಿಗೆ ಮುಗಿಯಲಿಲ್ಲ. ಅವರಲ್ಲಿ ಇಬ್ಬರು ತಾವಾಗಿಯೇ ಬಸ್‌ಸ್ಟ್ಯಾಂಡಿನ ಹಿರಿಯ ಚಮ್ಮಾರರೊಬ್ಬರ ಬಳಿ ಹೋಗಿ ಕೂತರು. ಅವರು ಕೇಳಿದ್ದು ಒಂದೇ: "ಕಲಿತ ಮೇಲೆ ನನ್ನ ಹೆಸರು ಹೇಳ್ತೀರಾ, ನಾಚಿಕೋತೀರಾ?" ಇಬ್ಬರೂ ಹೇಳುತ್ತೇವೆ ಅಂದರು. ಒಂದು ವರ್ಷ ಆರಿ, ಸೂಜಿ, ಚಾಕು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಈಗ ಯಂತ್ರದ ಮೇಲಿನ ಸೀರೆ ತೆಗೆದಿದ್ದಾರೆ. ಚೀಲದ ಒಳಪದರ ಹೊಲಿಯಲು ಅದನ್ನು ಬಳಸುತ್ತಾರೆ, ಹಿಡಿಕೆಯನ್ನು ಇವತ್ತಿಗೂ ಕೈಯಿಂದಲೇ ಹೊಲಿಯುತ್ತಾರೆ. ಸಂಘದ ಹಬ್ಬದ ದಿನ ಆ ಹಿರಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಯಂತ್ರದ ಉದ್ಘಾಟನೆಗೆ ನಾವು ಅವರನ್ನು ಕರೆದಿರಲಿಲ್ಲ.

ಪಾಠ ಕಲಿತವರು ನಾವು. ದುಡಿಯುವ ಕೈಗಳನ್ನು ದೇವರು ಆಶೀರ್ವದಿಸಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಚರ್ಮದ ಕೆಲಸ ಬಲ್ಲವರು ಯಾರಿದ್ದಾರೆ? ಅವರನ್ನು ಗುರುವಾಗಿ ಕರೆಯಲು, ಕಲಿಸಿದ್ದಕ್ಕೆ ಸಂಭಾವನೆ ಕೊಡಲು ನಾವು ಸಿದ್ಧರಿದ್ದೇವೆಯೇ?
2. ಸಾಲ ಮಾಡಿ ತಂದು ಸುಮ್ಮನೆ ಇಟ್ಟಿರುವ ಯಂತ್ರ ನಮ್ಮ ಸಂಘದಲ್ಲಿ ಇದೆಯೇ? ಯಾಕೆ ಹಾಗಾಯಿತು?
3. ನಮ್ಮ ದುಡಿಮೆಯ ಒಂದು ಗಂಟೆಗೆ ನಾವೇ ಎಷ್ಟು ಬೆಲೆ ಕಟ್ಟುತ್ತೇವೆ?